ಸೋರಿಕೆ ಕಾಣಲ್ಲ, ಕೂಲೆಂಟ್ ಮಾತ್ರ ಕಮ್ಮಿ!

ಕಾರಿನಲ್ಲಿ ಖರ್ಚಾಗಲೆಂದೇ ಇರೋ ದ್ರವಗಳು ಕೆಲವಿವೆ. ಪೆಟ್ರೋಲ್ ಉರಿದು ಹೋಗುತ್ತೆ. ವೈಪರ್ ನೀರು ಚಿಮ್ಮಿ ಹೋಗುತ್ತೆ. ಹಳೇ ಎಂಜಿನ್ ಆದರೆ ಆಯಿಲ್ ಕೂಡ ಸ್ವಲ್ಪ ಸುಡುತ್ತೆ. ಕೂಲೆಂಟ್ ಈ ಗುಂಪಿಗೆ ಸೇರಿದ್ದಲ್ಲ. ಮುಚ್ಚಿದ ಕೊಳವೆಗಳೊಳಗೆ ಎಂಜಿನ್‌ನಿಂದ ರೇಡಿಯೇಟರ್‌ಗೆ, ಅಲ್ಲಿಂದ ಮತ್ತೆ ಎಂಜಿನ್‌ಗೆ ಸುತ್ತುತ್ತಲೇ ಇರಬೇಕಾದ ದ್ರವ ಅದು. ಸಾಧಾರಣ ಕಾರೊಂದರಲ್ಲಿ ಒಟ್ಟು 4ರಿಂದ 6 ಲೀಟರ್ ಇರುತ್ತೆ. ವರ್ಷದಲ್ಲಿ ಬಾಟಲಿಯ ಮಟ್ಟ ಒಂದಿಷ್ಟು ಇಳಿದರೆ ಚಿಂತೆ ಬೇಡ. ಆದರೆ ತಿಂಗಳಿಗೊಮ್ಮೆ ಸುರಿಯಬೇಕಾಗ್ತಿದೆ ಅಂದ್ರೆ, ನೆಲದ ಮೇಲೆ ಒಂದು ಹನಿ ಕಾಣದಿದ್ದರೂ, ಅದು ಎಲ್ಲಿಗೋ ಹೋಗ್ತಿದೆ.

ಗ್ಯಾರೇಜಿಗೆ ಹೋದರೆ ಸಿಗೋ ಉತ್ತರ ಸಾಮಾನ್ಯವಾಗಿ ಎರಡೇ. ಒಂದು: 'ಏನಿಲ್ಲ ಸಾರ್, ಟಾಪ್ ಅಪ್ ಮಾಡಿದೀವಿ.' ಇನ್ನೊಂದು: 'ಹೆಡ್ ಇಳಿಸ್ಬೇಕು ಮೇಡಂ, ಖರ್ಚಿದೆ.' ಮೊದಲನೆಯದರಲ್ಲಿ ಕಾಯಿಲೆ ಮುಂದಕ್ಕೆ ಹೋಗುತ್ತೆ, ಎರಡನೆಯದರಲ್ಲಿ ಸಂಬಳ ಹೋಗುತ್ತೆ. ಎರಡೂ ಉತ್ತರ ಬಂದಿರೋದು ಒಂದೂ ಟೆಸ್ಟ್ ಮಾಡದೆ ಆಗಿದ್ದರೆ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ. ಮೊದಲು ಅಳತೆ, ಆಮೇಲೆ ಟೆಸ್ಟ್, ಕೊನೆಗೆ ಸ್ಪ್ಯಾನರ್. ಈ ವಾರ ಹೇಳೋಕೆ ಹೊರಟಿರೋದು ಇಷ್ಟೇ. ಮೊದಲ ಅರ್ಧ ಕೆಲಸಕ್ಕೆ ನಿಮ್ಮ ಫೋನ್ ಮತ್ತು ಒಂದು ಟಾರ್ಚ್ ಸಾಕು.

ಹತ್ತು ಸೆಕೆಂಡಿಗೊಂದು ಹನಿ

ಒಂದು ಕಾರನ್ನು ಲೆಕ್ಕಕ್ಕೆ ಇಟ್ಕೊಳ್ಳೋಣ. ಏಳು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್, ಇಎಂಐ ಇನ್ನೂ ಮುಗಿದಿಲ್ಲ. ಮನೆ ಬೊಮ್ಮನಹಳ್ಳಿಯ ಬೇಗೂರು ರಸ್ತೆಯಲ್ಲಿ, ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೆಳಿಗ್ಗೆ ಬೇಗೂರು ರಸ್ತೆಯಲ್ಲಿ ತೆವಳಿಕೊಂಡು ಹೊಸೂರು ರಸ್ತೆಗೆ ಬರೋದು, ಆಮೇಲೆ ಎಲಿವೇಟೆಡ್ ಎಕ್ಸ್‌ಪ್ರೆಸ್‌ವೇ ಹತ್ತಿ ಸುಮಾರು 10 ಕಿಲೋಮೀಟರ್ ಸರಾಗ ಓಟ. ಸಂಜೆ ಇದೇ ಕಥೆ ಹಿಂದುಮುಂದಾಗಿ. ದಿನಕ್ಕೆ ಎರಡು ಗಂಟೆ ಎಂಜಿನ್ ಓಡುತ್ತೆ ಅನ್ನಿ.

ಈ ಕಾರಿನ ಹೋಸ್ ಪೈಪಿನ ಬಾಯಲ್ಲಿ 10 ಸೆಕೆಂಡಿಗೆ ಒಂದು ಹನಿ ಜಿನುಗುತ್ತಿದೆ. ಸುಮಾರು 20 ಹನಿ ಸೇರಿದರೆ 1 ಮಿಲಿಲೀಟರ್. ಅಂದ್ರೆ ಗಂಟೆಗೆ 18 ಮಿಲಿಲೀಟರ್, ದಿನಕ್ಕೆ 36, ಐದು ದಿನದ ವಾರಕ್ಕೆ 180. ತಿಂಗಳಲ್ಲಿ ಮುಕ್ಕಾಲು ಲೀಟರ್ ಮಾಯ! ಆ ಹನಿ ನೆಲಕ್ಕೆ ಬೀಳೋದೇ ಇಲ್ಲ. ಬಿಸಿ ಎಂಜಿನ್ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತೆ. ತಪ್ಪಿಸಿಕೊಂಡು ಕೆಳಗೆ ಬಂದರೂ ಎಂಜಿನ್ ಅಡಿಯ ಪ್ಲಾಸ್ಟಿಕ್ ತಟ್ಟೆ ಹಿಡ್ಕೊಳ್ಳುತ್ತೆ. ನಿಲ್ಲಿಸಿದ ಮೇಲೆ ಎಂಜಿನ್ ತಣ್ಣಗಾಗಿ ಒತ್ತಡ ಇಳಿದಾಗ ಜಿನುಗೋದೂ ನಿಲ್ಲುತ್ತೆ. ಬೆಳಿಗ್ಗೆ ಬೇಸ್‌ಮೆಂಟ್ ಪಾರ್ಕಿಂಗ್ ನೋಡಿದರೆ ನೆಲ ಒಣಗಿ ಬಣಬಣ ಅಂತಿರುತ್ತೆ. 'ಕಾರಣವೇ ಇಲ್ಲದೆ ಕಮ್ಮಿಯಾಗ್ತಿದೆ' ಅಂತ ಅನ್ನಿಸೋದು ಹೀಗೆ.

ಕುಕ್ಕರ್ ಗ್ಯಾಸ್ಕೆಟ್ ಪಾಠ

ಕೂಲೆಂಟ್ ಅಂದ್ರೆ ನೀರು, ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯೋ ರಾಸಾಯನಿಕಗಳ ಮಿಶ್ರಣ. ಎಂಜಿನ್ ಕೆಲಸ ಮಾಡುವಾಗ ಇದರ ಉಷ್ಣತೆ 90ರಿಂದ 105 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿವರೆಗೂ ಕಾಯಲ್ಲ, 97 ಡಿಗ್ರಿಯ ಹತ್ತಿರವೇ ಕುದಿಯುತ್ತೆ. ಹಾಗಾದರೆ ಬೇಗೂರು ರಸ್ತೆಯ ಜಾಮ್‌ನಲ್ಲಿ ಎಲ್ಲ ಕಾರುಗಳೂ ಯಾಕೆ ಕುದಿಯಲ್ಲ?

ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಕೂಲಿಂಗ್ ವ್ಯವಸ್ಥೆ ಒಂದು ಪ್ರೆಶರ್ ಕುಕ್ಕರ್. ರೇಡಿಯೇಟರ್ ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಅಂಕಿ ಬರೆದಿರುತ್ತೆ. ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿನ ಒತ್ತಡವನ್ನು ಅದು ಒಳಗೆ ಹಿಡಿದಿಡುತ್ತೆ ಅಂತ ಅರ್ಥ. 1.1 ಕ್ಯಾಪ್ ಸರಿಯಾಗಿದ್ದರೆ ಬೆಂಗಳೂರಿನಲ್ಲೂ ಬರೀ ನೀರು ಕುದಿಯೋಕೆ 120 ಡಿಗ್ರಿ ಬೇಕು, ಗ್ಲೈಕಾಲ್ ಬೆರೆತಿದ್ದರೆ ಇನ್ನೂ ಹೆಚ್ಚು. ಕುಕ್ಕರ್ ಗ್ಯಾಸ್ಕೆಟ್ ಸವೆದಾಗ ವಿಷಲ್ ಬರಲ್ಲ, ಪಕ್ಕದಿಂದ ಹಬೆ ಹೋಗುತ್ತೆ, ಕೊನೆಗೆ ತಳ ಹಿಡಿಯುತ್ತೆ. ಕಾರಿನಲ್ಲೂ ಅಷ್ಟೇ. ಒಂದು ಸಣ್ಣ ತೂತು ಕೂಲೆಂಟ್ ಜೊತೆಗೆ ಒತ್ತಡವನ್ನೂ ಬಿಟ್ಟುಬಿಡುತ್ತೆ. ಒತ್ತಡ ಹೋದಾಗ ಕುದಿಯೋದು ಬೇಗ, ಕುದಿದಾಗ ಕಳೆದುಕೊಳ್ಳೋದು ಜಾಸ್ತಿ, ಕಳೆದುಕೊಂಡಾಗ ಬಿಸಿ ಇನ್ನೂ ಏರುತ್ತೆ. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಒಮ್ಮೆ ವಿಪರೀತ ಬಿಸಿಯಾದರೆ ಸೊಟ್ಟಗಾಗಬಹುದು. ನೂರಾರು ರೂಪಾಯಿಯ ಕ್ಲಾಂಪ್ ಹತ್ತಾರು ಸಾವಿರದ ಬಿಲ್ ಆಗೋದು ಈ ದಾರಿಯಲ್ಲಿ.

ಮೊದಲ ಹೆಜ್ಜೆ: ಭಾನುವಾರದ ಫೋಟೊ

ಕೂಲೆಂಟ್ ಮಟ್ಟ ನೋಡಬೇಕಾದ್ದು ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ. ಬಿಸಿಯಾದಾಗ ಕೂಲೆಂಟ್ ಹಿಗ್ಗಿ ಮಟ್ಟ ಏರುತ್ತೆ. ಸಂಜೆ ನೋಡಿ 'ಫುಲ್ ಇದೆ' ಅಂದುಕೊಂಡು, ಬೆಳಿಗ್ಗೆ ನೋಡಿ 'ಅಯ್ಯೋ ಇಳಿದಿದೆ' ಅಂದ್ರೆ ಅದು ಸೋರಿಕೆಯಲ್ಲ, ಬರೀ ಭೌತಶಾಸ್ತ್ರ.

ಬಾಟಲಿಯ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಈಗಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಒಂದು ಗೀಟು ಎಳೀರಿ. ಪ್ರತಿ ಭಾನುವಾರ ಬೆಳಿಗ್ಗೆ ಅದೇ ಜಾಗದಲ್ಲಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಎರಡು ಫೋಟೊ ತೆಗೀರಿ: ಒಂದು ಬಾಟಲಿಯದು, ಇನ್ನೊಂದು ಓಡೋಮೀಟರ್‌ದು. ಮೂರು ವಾರ ಸಾಕು. ಮಟ್ಟ ಮಿನ್ ಮುಟ್ಟಿದರೆ ಮಾತ್ರ ಅಳತೆ ಮಾಡಿ ಸುರೀರಿ, ಎಷ್ಟು ಮಿಲಿಲೀಟರ್ ಅಂತ ಬರೆದಿಡಿ. ಒಂದೇ ವಾರದಲ್ಲಿ ಮಿನ್‌ಗಿಂತ ಕೆಳಗೆ ಹೋದರೆ ಮಾತ್ರ ಮೂರು ವಾರ ಕಾಯೋಕೆ ಹೋಗಬೇಡಿ, ನೇರ ಗ್ಯಾರೇಜಿಗೆ ಹೋಗಿ.

ಈ ಫೋಟೊಗಳು ಮೂರು ವಿಷಯ ಹೇಳುತ್ತವೆ. ಕಾರು ಊರಿಗೆ ಹೋಗದೆ ವಾರವಿಡೀ ನಿಂತಿದ್ದಾಗಲೂ ಇಳಿದಿದ್ದರೆ, ತಣ್ಣಗಿದ್ದಾಗ ಸೋರೋ ಜಾಗ ಇದೆ; ಸಡಿಲ ಕ್ಲಾಂಪ್ ಅಥವಾ ಗಟ್ಟಿಯಾದ ರಬ್ಬರ್ ಹೋಸ್ ಮೇಲೆ ಅನುಮಾನ. ಓಡಿಸಿದಷ್ಟೂ ಇಳಿದರೆ ಬಿಸಿ ಮತ್ತು ಒತ್ತಡದಲ್ಲಿ ಮಾತ್ರ ತೆರೆದುಕೊಳ್ಳೋ ಸೋರಿಕೆ, ಅಥವಾ ಎಂಜಿನ್ ಒಳಗಿನದು. ಇತ್ತೀಚೆಗೆ ಕೂಲೆಂಟ್ ಬದಲಿಸಿದ್ದು, ಒಂದು ಸಲ ಇಳಿದು ಆಮೇಲೆ ನಿಂತಿದ್ದರೆ, ಒಳಗೆ ಉಳಿದಿದ್ದ ಗಾಳಿ ಹೊರಬಂದಿದೆ ಅಷ್ಟೇ.

ಒಂದು ಎಚ್ಚರಿಕೆ. ನಮ್ಮಲ್ಲಿನ ಬಹಳಷ್ಟು ಜಪಾನಿ, ಕೊರಿಯನ್ ಮೂಲದ ಕಾರುಗಳಲ್ಲಿ ಕ್ಯಾಪ್ ರೇಡಿಯೇಟರ್ ಮೇಲಿರುತ್ತೆ, ಪಕ್ಕದ ಬಾಟಲಿ ಬರೀ ಹೆಚ್ಚುವರಿ ಕೂಲೆಂಟ್ ಹಿಡಿಯೋದು. ಕ್ಯಾಪ್‌ನಲ್ಲಿ ಎರಡು ವಾಲ್ವ್: ಬಿಸಿಯಾದಾಗ ಹೊರಗೆ ಬಿಡೋದು ಒಂದು, ತಣ್ಣಗಾದಾಗ ಬಾಟಲಿಯಿಂದ ವಾಪಸ್ ಎಳೆದುಕೊಳ್ಳೋದು ಇನ್ನೊಂದು. ಎರಡನೆಯದು ಕೆಟ್ಟರೆ ಬಾಟಲಿ ತುಂಬಿರುತ್ತೆ, ರೇಡಿಯೇಟರ್ ಖಾಲಿ ಇರುತ್ತೆ. ಹಾಗಾಗಿ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದೂ ನೋಡಿ. ಯುರೋಪಿಯನ್ ಮೂಲದ ಹೆಚ್ಚಿನ ಕಾರುಗಳಲ್ಲಿ ಬಾಟಲಿಯೇ ಒತ್ತಡ ಹಿಡಿಯೋದು, ಕ್ಯಾಪ್ ಇರೋದು ಅದರ ಮೇಲೆ. ಯಾವುದೇ ಇರಲಿ, ಬಿಸಿ ಇದ್ದಾಗ ಕೈ ಹಾಕಲೇಬೇಡಿ. ಒತ್ತಡದಲ್ಲಿರೋ ಕೂಲೆಂಟ್ ಮುಖಕ್ಕೇ ಚಿಮ್ಮುತ್ತೆ.

ಎರಡನೇ ಹೆಜ್ಜೆ: ಟಾರ್ಚ್ ಹಿಡಿದು ಹುಡುಕಾಟ

ಒದ್ದೆ ಹುಡುಕಬೇಡಿ, ಕಲೆ ಹುಡುಕಿ. ಆವಿಯಾದ ಕೂಲೆಂಟ್ ಹಿಂದೆ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಪುಡಿ ಬಿಟ್ಟು ಹೋಗುತ್ತೆ. ಬಾವಿಕಟ್ಟೆ ನಲ್ಲಿಯ ಕೆಳಗೆ ಉಪ್ಪು ಕಟ್ಟಿದ ಹಾಗೆ. ನೋಡಬೇಕಾದ ಜಾಗಗಳು: ಹೋಸ್‌ಗಳ ಎರಡೂ ತುದಿ, ಥರ್ಮೋಸ್ಟಾಟ್ ಕವಚ, ರೇಡಿಯೇಟರ್‌ನ ಅಲ್ಯೂಮಿನಿಯಂ ಭಾಗ ಅದರ ಪ್ಲಾಸ್ಟಿಕ್ ಟ್ಯಾಂಕಿಗೆ ಸೇರೋ ಅಂಚು, ಮತ್ತು ವಾಟರ್ ಪಂಪ್. ಪಂಪಿನ ಕೆಳಗೆ ಒಂದು ಸಣ್ಣ ರಂಧ್ರ ಇರುತ್ತೆ, ಒಳಗಿನ ಸೀಲ್ ಸವೆದರೆ ಗೊತ್ತಾಗಲಿ ಅಂತಲೇ ಕೊಟ್ಟಿರೋದು. ಅಲ್ಲಿ ಕಲೆ ಇಳಿದಿದ್ದರೆ ಪಂಪ್ ಬದಲಿಸೋ ಕಾಲ ಬಂತು.

ಎ.ಸಿ. ನೀರನ್ನು ಸೋರಿಕೆ ಅಂದುಕೊಳ್ಳಬೇಡಿ. ಅದು ಬಣ್ಣವಿಲ್ಲದ ತಿಳಿನೀರು, ಬೆರಳಿಗೆ ಜಾರಲ್ಲ. ಕೂಲೆಂಟ್ ಬಣ್ಣದ್ದು, ಜಿಡ್ಡುಜಿಡ್ಡು, ಸಿಹಿ ವಾಸನೆ. ರುಚಿ ನೋಡೋ ಸಾಹಸ ಮಾತ್ರ ಬೇಡ, ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾಗಿರೋದರಿಂದಲೇ ಬೀದಿ ನಾಯಿ, ಬೆಕ್ಕುಗಳು ನೆಕ್ಕುತ್ತವೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಕೆಡುತ್ತೆ. ಚೆಲ್ಲಿದ್ದನ್ನು ಒರೆಸಿ ನೀರು ಹಾಕಿ ತೊಳೀರಿ. ತೆಗೆದ ಹಳೇ ಕೂಲೆಂಟನ್ನು ರಸ್ತೆ ಮೋರಿಗೆ ಸುರಿಯಲು ಗ್ಯಾರೇಜಿನವರಿಗೂ ಬಿಡಬೇಡಿ.

ಆಮೇಲೆ ಕಾರಿನೊಳಗೆ ಬನ್ನಿ. ಡ್ಯಾಶ್‌ಬೋರ್ಡ್ ಹಿಂದೆ ಹೀಟರ್ ಕೋರ್ ಅನ್ನೋ ಪುಟ್ಟ ರೇಡಿಯೇಟರ್ ಇದೆ. ಬೆಂಗಳೂರಿನಲ್ಲಿ ಹೀಟರ್ ಹಾಕೋರು ಕಮ್ಮಿ, ಆದರೆ ಬಹಳಷ್ಟು ಕಾರುಗಳಲ್ಲಿ ಹೀಟರ್ ಹಾಕದಿದ್ದರೂ ಅದರೊಳಗೆ ಕೂಲೆಂಟ್ ಓಡುತ್ತಲೇ ಇರುತ್ತೆ. ಅದು ಸೋರಿದರೆ ಬಾನೆಟ್ ಕೆಳಗೆ ಏನೂ ಕಾಣಲ್ಲ. ಎಡಗಡೆ ಸೀಟಿನ ಕಾರ್ಪೆಟ್ ಎತ್ತಿ ಕೈ ಒತ್ತಿ ನೋಡಿ. ಒದ್ದೆ ಇದೆಯಾ? ಒಳಗೆ ಸಿಹಿ ವಾಸನೆ ಇದೆಯಾ? ಮುಂದಿನ ಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಎಣ್ಣೆಯಂಥ ಮಂಜು ಕೂರ್ತಿದೆಯಾ? ಹೌದಾದರೆ ಕಳ್ಳ ಸಿಕ್ಕ.

ಮೂರನೇ ಹೆಜ್ಜೆ: ಜಾಮ್‌ನಲ್ಲೋ, ಫ್ಲೈಓವರ್ ಮೇಲೋ?

ಉಷ್ಣತೆ ಯಾವಾಗ ಏರುತ್ತೆ ಅನ್ನೋದು ದೊಡ್ಡ ಸುಳಿವು. ಈಗಿನ ಹಲವು ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ. ನೀಲಿ ದೀಪ, ಕೆಂಪು ದೀಪ ಅಷ್ಟೇ. ಮುಳ್ಳು ಇದ್ದರೂ ಎಷ್ಟೋ ಡಿಗ್ರಿ ಏರಿಳಿದರೂ ನಡುವಲ್ಲೇ ನಿಲ್ಲೋ ಹಾಗೆ ಮಾಡಿರ್ತಾರೆ. ಬ್ಲೂಟೂತ್ ಒಬಿಡಿ ಡಾಂಗಲ್ ಒಂದನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಹಾಕಿದರೆ ಕೂಲೆಂಟಿನ ನಿಜವಾದ ಡಿಗ್ರಿ ಫೋನ್‌ನಲ್ಲೇ ಕಾಣುತ್ತೆ. ಡ್ರೈವ್ ಮಾಡೋರು ನೋಡೋದು ಬೇಡ, ಪಕ್ಕದಲ್ಲಿ ಕೂತವರ ಕೈಗೆ ಕೊಡಿ.

ಬೇಗೂರು ರಸ್ತೆಯ ಜಾಮ್‌ನಲ್ಲಿ ಏರಿ, ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಇಳಿದರೆ ಫ್ಯಾನ್ ಮೇಲೆ ಅನುಮಾನ. ನಿಂತ ಕಾರಿಗೆ ಗಾಳಿ ಇಲ್ಲ, ಫ್ಯಾನ್ ಒಂದೇ ಗತಿ. ಎ.ಸಿ. ಹಾಕಿದಾಗ ಸಾಮಾನ್ಯವಾಗಿ ಫ್ಯಾನ್ ತಿರುಗಬೇಕು; ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್ ನೋಡಿಸಿ. ಸೋರಿಕೆಯೇ ಇಲ್ಲದೆ, ಫ್ಯಾನ್ ಕೆಟ್ಟು ಕುದಿದು ಕ್ಯಾಪ್ ಮೂಲಕ ಹೊರಗೆ ಉಕ್ಕಿಯೂ ಕೂಲೆಂಟ್ ಕಮ್ಮಿಯಾಗುತ್ತೆ. ಇದಕ್ಕೆ ತದ್ವಿರುದ್ಧವಾಗಿ, ಜಾಮ್‌ನಲ್ಲಿ ಸರಿ ಇದ್ದು ಫ್ಲೈಓವರ್ ಮೇಲೆ ವೇಗದಲ್ಲಿ ಏರಿದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಅಥವಾ ಪಂಪ್ ಇಲ್ಲವೇ ಥರ್ಮೋಸ್ಟಾಟ್ ಸೋತಿರಬಹುದು.

ಕ್ಯಾಪ್ ಅನ್ನು ಮರೀಬೇಡಿ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಅದು. ರಬ್ಬರ್ ಸೀಳಿದ್ದರೆ, ಸ್ಪ್ರಿಂಗ್ ಸತ್ತಿದ್ದರೆ ಬದಲಿಸಿ. ಕಂಪನಿ ಕೌಂಟರ್‌ನಿಂದ ತನ್ನಿ ಅಥವಾ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಂದ ತನ್ನಿ, ಹಳೆಯದರ ಮೇಲಿನ ಅಂಕಿಯೂ ಹೊಸದರ ಮೇಲಿನದೂ ಒಂದೇ ಆಗಿರಬೇಕು. 'ಗಟ್ಟಿ ಇರಲಿ' ಅಂತ ಹೆಚ್ಚಿನ ಅಂಕಿಯ ಕ್ಯಾಪ್ ಹಾಕಿದರೆ ಹಳೇ ಹೋಸ್ ಬಾಯಿ ಬಿಡುತ್ತೆ.

ಗ್ಯಾರೇಜಿನಲ್ಲಿ ಏನು ಕೇಳಬೇಕು?

ಇಲ್ಲಿವರೆಗೂ ಸಿಗದಿದ್ದರೆ ಗ್ಯಾರೇಜು. 'ಕೂಲೆಂಟ್ ಕಮ್ಮಿಯಾಗ್ತಿದೆ, ನೋಡಿ' ಅಂತ ಹೇಳಬೇಡಿ. 'ಪ್ರೆಶರ್ ಟೆಸ್ಟ್ ಮಾಡಿ' ಅನ್ನಿ. ಮೀಟರ್ ಇರೋ ಕೈಪಂಪನ್ನು ಕ್ಯಾಪ್ ಜಾಗಕ್ಕೆ ಕೂರಿಸಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡಕ್ಕೆ ಗಾಳಿ ತುಂಬ್ತಾರೆ. ಎಂಜಿನ್ ಆಫ್. ಹದಿನೈದು ಇಪ್ಪತ್ತು ನಿಮಿಷ ಮುಳ್ಳು ಅಲ್ಲಾಡದಿದ್ದರೆ ಸರಿ. ಇಳಿದರೆ ಒತ್ತಡದಲ್ಲಿ ಎಲ್ಲಿಂದ ಜಿನುಗುತ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಕಾಣದಿದ್ದರೆ ಕೂಲೆಂಟ್‌ಗೆ ಯುವಿ ಡೈ ಬೆರೆಸಿ, ಎರಡು ದಿನ ಓಡಿಸಿ, ಯುವಿ ಟಾರ್ಚ್ ಬಿಟ್ಟರೆ ಸೋರೋ ಜಾಗ ಹೊಳೆಯುತ್ತೆ. ಎಷ್ಟು ಒತ್ತಡಕ್ಕೆ, ಎಷ್ಟು ಹೊತ್ತು, ಎಷ್ಟು ಇಳಿಯಿತು: ಈ ಮೂರನ್ನು ಜಾಬ್ ಕಾರ್ಡ್ ಮೇಲೆ ಬರೆಸಿಕೊಳ್ಳಿ.

ಈ ಟೆಸ್ಟ್ ತಣ್ಣನೆ ಎಂಜಿನ್ ಮೇಲೂ, ಬೆಚ್ಚಗಿನ ಎಂಜಿನ್ ಮೇಲೂ ಮಾಡಿದರೆ ಒಳ್ಳೇದು, ಅಂದ್ರೆ ಕಾರು ಒಂದು ರಾತ್ರಿ ಅಲ್ಲೇ ಇರಬೇಕು. 'ಸಂಜೆ ಕಾರು ಬೇಕೇ ಬೇಕು' ಅನ್ನೋ ಅವಸರದಲ್ಲೇ ಅರ್ಧ ತನಿಖೆ ನಿಂತುಹೋಗೋದು. 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮೆಟ್ರೊ ಓಡ್ತಿದೆ. ಬೊಮ್ಮನಹಳ್ಳಿಯಲ್ಲೂ ನಿಲ್ದಾಣ ಇದೆ, ಎಲೆಕ್ಟ್ರಾನಿಕ್ ಸಿಟಿಯಲ್ಲೂ ಇದೆ. ಎರಡು ದಿನ ಕಾರು ಬಿಟ್ಟು ಹೋಗಿ.

ಒಳಗೇ ಕುಡಿದರೆ?

ಹೊರಗೆ ಎಲ್ಲೂ ಇಲ್ಲ, ಆದರೂ ಮುಳ್ಳು ಇಳೀತಿದೆ ಅಂದ್ರೆ ಎಂಜಿನ್ ಒಳಗೆ ಹೋಗ್ತಿದೆ. ಹೆಡ್ ಗ್ಯಾಸ್ಕೆಟ್ ಹೆಸರು ಬರೋದು ಈಗ. ಲಕ್ಷಣಗಳು ಹೀಗಿವೆ: ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಬೆಳಿಗ್ಗೆ ಸ್ಟಾರ್ಟ್ ಆದಾಗ ಕೆಲ ಕ್ಷಣ ನಡುಕ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಕಲ್ಲಿನಂತಾಗೋ ಮೇಲಿನ ಹೋಸ್, ಬಾಟಲಿಯಲ್ಲಿ ನಿಲ್ಲದ ಗುಳ್ಳೆ. ಆಯಿಲ್ ಮುಚ್ಚಳದ ಕೆಳಗೆ ಮಜ್ಜಿಗೆ ಬಣ್ಣದ ಕೆನೆ ಕಂಡ ತಕ್ಷಣ ಗಾಬರಿ ಬೇಡ. ದಿನಾ ಎರಡೇ ಕಿಲೋಮೀಟರ್ ಓಡೋ ಕಾರಿನಲ್ಲಿ ಬರೀ ತೇವಾಂಶದಿಂದಲೂ ಅದು ಬರುತ್ತೆ. ಡಿಪ್‌ಸ್ಟಿಕ್ ಮೇಲಿನ ಆಯಿಲೇ ಹಾಲು ಬೆರೆತ ಹಾಗಿದ್ದರೆ ಮಾತ್ರ ವಿಷಯ ಗಂಭೀರ, ಕಾರನ್ನು ಓಡಿಸದೆ ಟೋ ಮಾಡಿಸಿ.

ಹೆಡ್ ಬಿಚ್ಚಲು ಒಪ್ಪಿಗೆ ಕೊಡೋ ಮುಂಚೆ ಎರಡು ಬೇರೆ ಬೇರೆ ಪುರಾವೆ ಕೇಳಿ. ಒಂದು ಬ್ಲಾಕ್ ಟೆಸ್ಟ್: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೀತಾರೆ. ಸಿಲಿಂಡರ್‌ನ ಸುಟ್ಟ ಅನಿಲ ಕೂಲೆಂಟ್‌ಗೆ ನುಗ್ಗುತ್ತಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್‌ನಿಂದ ಪೆಟ್ರೋಲ್ ಕಾರಿನಲ್ಲಿ ನೀಲಿ ಹಳದಿಯಾಗುತ್ತೆ. ಇನ್ನೊಂದು, ಸ್ಪಾರ್ಕ್ ಪ್ಲಗ್ ತೆಗೆದು ಸಣ್ಣ ಕ್ಯಾಮೆರಾ ಇಳಿಸಿ ನೋಡೋದು. ಒಂದು ಸಿಲಿಂಡರ್ ಮಾತ್ರ ಹಬೆಯಲ್ಲಿ ತೊಳೆದ ಹಾಗೆ ಫಳಫಳ ಅಂತಿದ್ದರೆ ಕೂಲೆಂಟ್ ಅಲ್ಲಿ ಹೋಗ್ತಿದೆ. ಎರಡರಲ್ಲೂ ಏನೂ ಸಿಗದಿದ್ದರೆ ಹೆಡ್‌ಗೆ ಕೈ ಹಾಕೋಕೆ ಅವಸರ ಇಲ್ಲ. ಮತ್ತೆ ಹೊರಗೆ ಹುಡುಕಿ.

ಕೆಲವೊಮ್ಮೆ ತಪ್ಪು ಕಾರಿನ ಹುಟ್ಟಿನಲ್ಲೇ ಇರುತ್ತೆ. 2006ರಿಂದ 2009ರ ನಡುವಿನ ಮಾದರಿಯ ಕೆಲವು ಹೋಂಡಾ ಸಿವಿಕ್‌ಗಳಲ್ಲಿ ಎಂಜಿನ್ ಬ್ಲಾಕ್‌ನಲ್ಲೇ ಬಿರುಕು ಬಿಟ್ಟು ಕೂಲೆಂಟ್ ಸೋರುತ್ತಿತ್ತು. ಅಮೆರಿಕದಲ್ಲಿ ಕಂಪನಿ ಬ್ಲಾಕ್‌ನ ವಾರಂಟಿಯನ್ನು 10 ವರ್ಷಕ್ಕೆ ವಿಸ್ತರಿಸಿತು. ನಿಮ್ಮ ಮಾದರಿಗೆ ಇಂಥ ಇತಿಹಾಸ ಅಥವಾ ರೀಕಾಲ್ ಇದೆಯಾ ಅಂತ ಚಾಸಿಸ್ ನಂಬರ್ ಕೊಟ್ಟು ವಿಚಾರಿಸಿ.

ಡೀಸೆಲ್ ಕಾರಿನವರಿಗೆ ಇನ್ನೊಂದು ಅನುಮಾನದ ಜಾಗ: ಇಜಿಆರ್ ಕೂಲರ್. ಹೊಗೆಯ ಒಂದು ಪಾಲನ್ನು ತಣ್ಣಗೆ ಮಾಡಿ ಎಂಜಿನ್‌ಗೆ ವಾಪಸ್ ಕಳಿಸೋ ಈ ಪುಟ್ಟ ಡಬ್ಬಿಯಲ್ಲೂ ಕೂಲೆಂಟ್ ಓಡುತ್ತೆ. ಒಳಗೆ ಒಡೆದರೆ ಕೂಲೆಂಟ್ ಹೊಗೆಯ ಜೊತೆ ಹೋಗಿಬಿಡುತ್ತೆ, ಹೊರಗೆ ಕುರುಹೇ ಇಲ್ಲ. 2018ರ ಬೇಸಿಗೆಯಲ್ಲಿ ದಕ್ಷಿಣ ಕೊರಿಯಾದಲ್ಲಿ ಹತ್ತಾರು ಬಿಎಂಡಬ್ಲ್ಯು ಕಾರುಗಳು ರಸ್ತೆಯಲ್ಲೇ ಹೊತ್ತಿ ಉರಿದವು. ಇಜಿಆರ್ ಕೂಲರ್‌ನಿಂದ ಸೋರಿದ ಕೂಲೆಂಟ್ ಮಸಿ, ಎಣ್ಣೆ ಜೊತೆ ಸೇರಿ ಗಟ್ಟಿಯಾಗಿ, ಬಿಸಿ ಹೊಗೆಗೆ ಬೆಂಕಿ ಹಿಡಿದಿತ್ತು ಅಂತ ಕಂಪನಿಯೇ ಹೇಳಿತು. ಅದೇ ವರ್ಷ ಅಕ್ಟೋಬರ್ ವೇಳೆಗೆ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಡೀಸೆಲ್ ಕಾರುಗಳನ್ನು ವಾಪಸ್ ಕರೆಸಿಕೊಂಡಿತು. 'ಕಮ್ಮಿಯಾದರೆ ಸುರಿದುಕೊಂಡರಾಯ್ತು' ಅನ್ನೋರು ಈ ಕಥೆ ನೆನಪಿಟ್ಟುಕೊಳ್ಳಬೇಕು.

ಟ್ಯಾಂಕರ್ ನೀರು ಬೇಡ

ಬೊಮ್ಮನಹಳ್ಳಿ ಕಡೆ ಬೋರ್‌ವೆಲ್, ಟ್ಯಾಂಕರ್ ನೀರು ಬಳಸಿದವರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋದು ಗೊತ್ತು. ಅದೇ ಗಡಸು ನೀರನ್ನು ಕಾರಿಗೆ ಸುರಿದರೆ ಅದೇ ಪದರ ರೇಡಿಯೇಟರ್‌ನ ಸಪೂರ ಕೊಳವೆಗಳಲ್ಲಿ ಕಟ್ಟುತ್ತೆ. ಜೊತೆಗೆ ಪ್ರತಿ ಸಲ ನೀರು ಬೆರೆಸಿದಾಗ ಗ್ಲೈಕಾಲ್ ತೆಳುವಾಗುತ್ತೆ, ತುಕ್ಕು ತಡೆಯೋ ಶಕ್ತಿ ಕುಗ್ಗುತ್ತೆ, ಹೊಸ ತೂತಿಗೆ ದಾರಿ ಆಗುತ್ತೆ. ತುರ್ತಿಗೆ ಯಾವ ನೀರಾದರೂ ಸರಿ. ಆಮೇಲೆ ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಉಳಿದಂತೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್, ಅಥವಾ ರೆಡಿ ಮಿಕ್ಸ್ ಕೂಲೆಂಟ್.

ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ. ಹಸಿರು, ಗುಲಾಬಿ, ನೀಲಿ ಅನ್ನೋದು ಕಂಪನಿಗಳು ಹಾಕೋ ಬಣ್ಣ ಅಷ್ಟೇ, ಒಳಗಿನ ರಸಾಯನ ಬೇರೆ ಬೇರೆ ಇರುತ್ತೆ. ಹೊಂದದ ಎರಡು ಬೆರೆತರೆ ಒಳಗೆ ಲೋಳೆ ಕಟ್ಟಬಹುದು. ಮ್ಯಾನುಯಲ್ ಹೇಳಿದ್ದನ್ನೇ ಹಾಕಿ. ಸೋರಿಕೆ ಮುಚ್ಚೋ ಪುಡಿ, ದ್ರಾವಣಗಳು ತೂತನ್ನು ಮುಚ್ಚಿದ ಹಾಗೆ ಹೀಟರ್ ಕೋರ್‌ನ ಸಣ್ಣ ದಾರಿಗಳನ್ನೂ ಮುಚ್ಚಬಲ್ಲವು. ಊರಿನಿಂದ ದೂರ ಸಿಕ್ಕಿಹಾಕ್ಕೊಂಡಾಗ ಸರಿ, ರಿಪೇರಿಗೆ ಬದಲಿ ಅಲ್ಲ.

ಕೆಂಪು ದೀಪ ಬಂದರೆ

ಎಕ್ಸ್‌ಪ್ರೆಸ್‌ವೇ ಮೇಲೆ ಕೆಂಪು ದೀಪ ಬಂತು ಅನ್ನಿ. 'ಇನ್ನೇನು ಟೋಲ್ ಬಂತು' ಅನ್ನಬೇಡಿ. ಎ.ಸಿ. ಆಫ್ ಮಾಡಿ, ಹೀಟರ್ ಫುಲ್ ಬಿಸಿಗೆ, ಬ್ಲೋವರ್ ಫುಲ್. ಬೆವರು ಇಳಿಯುತ್ತೆ, ಆದರೆ ಹೀಟರ್ ಕೋರ್ ಎಂಜಿನ್ ಬಿಸಿಯನ್ನು ಒಂದಿಷ್ಟು ಹೊರಗೆ ಹಾಕುತ್ತೆ. ಹಜಾರ್ಡ್ ಲೈಟ್ ಹಾಕಿ, ಸಾಧ್ಯವಾದಷ್ಟು ಬೇಗ ಎಡ ಅಂಚಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಹಿಂದೆ ತ್ರಿಕೋನ ಇಡಿ, ಕಾರಿನಲ್ಲಿ ಕೂರದೆ ವಾಹನಗಳಿಂದ ದೂರ ನಿಂತು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಕಮ್ಮಿ ಅಂದ್ರೆ ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ, ಕುದಿಯೋ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ. ಕೂಲೆಂಟ್ ಪೂರ್ತಿ ಖಾಲಿಯಾಗಿದ್ದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತು ಮುಳ್ಳು ಕೆಳಗೆ ಬೀಳಲೂಬಹುದು. ಅದು ಸರಿಹೋಯ್ತು ಅನ್ನೋದರ ಗುರುತಲ್ಲ.

ರಿಪೇರಿ ಆದ ಮೇಲೆ ಎರಡು ಕೆಲಸ ಬಾಕಿ. ಸಿಸ್ಟಮ್ ಒಳಗಿನ ಗಾಳಿ ಪೂರ್ತಿ ತೆಗೆದಿದ್ದಾರಾ ಅಂತ ಕೇಳಿ. ಪ್ರೆಶರ್ ಟೆಸ್ಟನ್ನು ಇನ್ನೊಮ್ಮೆ ನಿಮ್ಮ ಕಣ್ಣೆದುರೇ ಮಾಡಿಸಿ. ಆಮೇಲೆ ಮತ್ತೆ ಮೂರು ಭಾನುವಾರ ಅದೇ ಎರಡು ಫೋಟೊ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋಕೆ ಹೊರಟವರು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಕೂಲೆಂಟ್ ಬಾಟಲಿ ಮೊದಲು ನೋಡಿ. ಒಳಗೆ ಬಣ್ಣವಿಲ್ಲದ ಬರೀ ನೀರಿದ್ದರೆ, ಯಾಕೆ ಅಂತ ಕೇಳಿ. ಉತ್ತರ ತಡವರಿಸಿದರೆ ಪ್ರೆಶರ್ ಟೆಸ್ಟ್ ಆಗೋವರೆಗೂ ಅಡ್ವಾನ್ಸ್ ಕೊಡಬೇಡಿ.